ನವೆಂಬರ್ ಮಳೆಯೂ ಸಂಕ್ರಾಂತಿ ಬಿಸಿಲೂ: ಐದು ರಾಸಿನ ಮನೆಯೊಂದರ ಒಣಮೇವಿನ ಲೆಕ್ಕ

ತುಮಕೂರು ಜಿಲ್ಲೆಯ ತಿಪಟೂರು ಸೀಮೆಯಲ್ಲಿ ತೆಂಗು, ರಾಗಿ, ಹಾಲು ಈ ಮೂರನ್ನೇ ನಂಬಿದ ಮನೆಗಳು ಜಾಸ್ತಿ. ನಾನು ಹೇಳಹೊರಟಿರುವ ಮನೆಯೂ ಅಂಥದ್ದೇ. ಒಟ್ಟು ನಾಲ್ಕು ಎಕರೆ. ಎರಡು ಎಕರೆ ಖುಷ್ಕಿಯಲ್ಲಿ ರಾಗಿ. ಒಂದು ಎಕರೆ ತೆಂಗಿನ ತೋಟ. ಉಳಿದ ಒಂದು ಎಕರೆಗೆ ಬೋರ್‌ವೆಲ್ ನೀರು ಹೋಗುತ್ತದೆ, ಅಲ್ಲಿ ಮೊದಲು ಟೊಮೆಟೊ, ಬೀನ್ಸ್ ಹಾಕುತ್ತಿದ್ದರು. ಕೊಟ್ಟಿಗೆಯಲ್ಲಿ ಐದು ರಾಸು: ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿ, ಒಂದು ಜೆರ್ಸಿ ಮಿಶ್ರತಳಿ, ಒಂದು ಕಡಸು. ಮನೆಯಲ್ಲಿರುವವರು ಗಂಡ, ಹೆಂಡತಿ, ಗಂಡನ ತಾಯಿ. ಮಗ ಬೆಂಗಳೂರಲ್ಲಿ ಕೆಲಸಕ್ಕಿದ್ದಾನೆ, ಹಬ್ಬಕ್ಕೆ ಬರುತ್ತಾನೆ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಅಣ್ಣ, ಅಕ್ಕ, ಅಜ್ಜಿ ಅಂತಲೇ ಬರೆಯುತ್ತೇನೆ.

ಮೊದಲು ಹೊಟ್ಟೆಯ ಲೆಕ್ಕ ನೋಡೋಣ. ಒಂದು ರಾಸಿಗೆ ದಿನಕ್ಕೆ ಸುಮಾರು ಆರು ಕೆಜಿ ಒಣಹುಲ್ಲು ಅಂದರೂ ಐದಕ್ಕೆ 30 ಕೆಜಿ. ಒಳ್ಳೆ ವರ್ಷದಲ್ಲಿ ಎರಡು ಎಕರೆ ರಾಗಿಯಿಂದ ಇವರಿಗೆ ಮೂರು ಟನ್ ಹುಲ್ಲು ಬರುತ್ತದೆ. ಅಂದರೆ ನೂರು ದಿನದ ಮೇವು. ಡಿಸೆಂಬರಿನಲ್ಲಿ ಬಣವೆ ಕೀಳಲು ಶುರು ಮಾಡಿದರೆ ಮಾರ್ಚ್ ನಡುವಿಗೆ ನೆಲ ಕಾಣುತ್ತದೆ. ಮಳೆ ಬಂದು ಬದುವಿನ ಮೇಲೆ ಹಸಿರು ಏಳುವುದು ಜೂನ್ ಕೊನೆ, ಜುಲೈ. ನಡುವಿನ ಮೂರೂವರೆ ತಿಂಗಳು ಲಾರಿಯಲ್ಲಿ ಬರುವ ಭತ್ತದ ಹುಲ್ಲೇ ಗತಿ. ಗಂಗಾವತಿ ಕಡೆಯದೋ ಮಂಡ್ಯ ಕಡೆಯದೋ, ರೋಲ್ ಸುತ್ತಿಕೊಂಡು ಬರುತ್ತದೆ. ದರ ಕೇಳಿಕೊಂಡು ಕೊಳ್ಳುವ ಹಾಗಿಲ್ಲ, ಅವರು ಹೇಳಿದ್ದನ್ನು ಕೊಡಬೇಕು.

ಇದು ಊರಿನ ಎಲ್ಲರ ಕಥೆ. ಈ ಮನೆಯವರು ಬೇರೆ ದಾರಿ ಹಿಡಿದಿದ್ದು 2021ರ ನವೆಂಬರ್ ಆದಮೇಲೆ.

ಆ ನವೆಂಬರ್ ಹಲವರಿಗೆ ನೆನಪಿರಬಹುದು. ರಾಗಿ ಕೊಯ್ಲಿನ ಹೊತ್ತಿಗೇ ದಕ್ಷಿಣ ಒಳನಾಡಿನಲ್ಲಿ ಮಳೆ ಹಿಡಿದು ಕೂತಿತು. ನಿಂತ ಪೈರು ಮಲಗಿತು, ಮಲಗಿದ ತೆನೆಯಲ್ಲಿ ಮೊಳಕೆ ಬಂತು. ಕಾಳು ಹೋಗಿದ್ದಕ್ಕೆ ಎಲ್ಲರೂ ಅತ್ತರು. ಹುಲ್ಲಿನ ವಿಷಯ ಯಾರೂ ಅಷ್ಟಾಗಿ ಮಾತಾಡಲಿಲ್ಲ. ಕಪ್ಪಗಾದ ಹುಲ್ಲನ್ನೇ ಒಣಗಿಸಿ ಬಣವೆ ಹಾಕಿದರು. ಫೆಬ್ರವರಿಯಲ್ಲಿ ಅದನ್ನು ಬಿಚ್ಚಿದಾಗ ಬೂಷ್ಟಿನ ವಾಸನೆ. ಹಸು ಮೂಸಿ ಮುಖ ತಿರುಗಿಸಿತು. ತಿಂದವಕ್ಕೆ ಭೇದಿ. ಬೂಷ್ಟು ಹಿಡಿದ ಮೇವು ಗಬ್ಬದ ಹಸುವಿಗೆ ಗರ್ಭಪಾತವನ್ನೂ ತರಬಹುದು. ಹಾಗಾಗಿ ಹೆಚ್ಚಿನದೆಲ್ಲ ತಿಪ್ಪೆಗೆ ಹೋಯಿತು.

ಮಗ ಆಗ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಅವನು ಕೇಳಿದ ಪ್ರಶ್ನೆ ಸರಳವಾಗಿತ್ತು: "ಅಪ್ಪಾ, ಹುಲ್ಲು ಒಣಗಿಸೋಕೆ ಬಿಸಿಲು ಬೇಕು ಅಲ್ವಾ? ಮತ್ಯಾಕೆ ಮಳೆ ಬರೋ ತಿಂಗಳಲ್ಲಿ ಒಣಗಿಸ್ತೀವಿ?"

ಉತ್ತರ ಎಲ್ಲರಿಗೂ ಗೊತ್ತು. ರಾಗಿ ಬೆಳೆಯುವುದು ಕಾಳಿಗೆ, ಹುಲ್ಲು ಜೊತೆಗೆ ಬಂದದ್ದು. ಕಾಳು ಬಲಿತಾಗ ಕೊಯ್ಯಬೇಕು, ಅದು ನವೆಂಬರ್. ಹಿಂಗಾರಿನ ಚಂಡಮಾರುತಗಳು ಬರುವುದೂ ಆಗಲೇ. ಆದರೆ ಹುಲ್ಲಿಗೆಂದೇ ಒಂದು ಬೆಳೆ ಇಟ್ಟರೆ, ಅದರ ಕೊಯ್ಲನ್ನು ನಮಗೆ ಬೇಕಾದ ತಿಂಗಳಿಗೆ ತರಬಹುದು. ಈ ಇಡೀ ಪ್ರಕರಣದಲ್ಲಿ ಕಲಿಯಬೇಕಾದ ಮುಖ್ಯ ಸಂಗತಿ ಇದೇ ಅಂತ ನನ್ನ ಅಭಿಪ್ರಾಯ. ಜನ ಕೇಳುವುದು ಯಂತ್ರದ ಬಗ್ಗೆ, ಹುಲ್ಲು ಕಟ್ಟುವ ಪೆಟ್ಟಿಗೆಯ ಬಗ್ಗೆ. ಕೇಳಬೇಕಾದ್ದು ತಿಂಗಳಿನ ಬಗ್ಗೆ.

ಯಾವ ಬೆಳೆ

ನೇಪಿಯರ್ ಅನ್ನುವ ಮೇವಿನ ಹುಲ್ಲು ಬದುವಿನ ಮೇಲೆ ಆಗಲೇ ಇತ್ತು. ಆದರೆ ಅದರ ಕಾಂಡ ದಪ್ಪ. ಎಲೆ ಒಣಗಿ ಪುಡಿಯಾದರೂ ಕಾಂಡದಲ್ಲಿ ನೀರು ಇರುತ್ತದೆ. ಹಸಿಯಾಗಿ ಕತ್ತರಿಸಿ ಹಾಕಲು, ಸೈಲೇಜ್ (ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಹಸಿಮೇವು) ಮಾಡಲು ಸರಿ, ಒಣಗಿಸಲು ಅಲ್ಲ. ಮೇವಿನ ಜೋಳವೂ ಹಾಗೇ. ಎಳೆ ಜೋಳದಲ್ಲಿ ಸಯನೈಡ್ ವಿಷದ ಭಯ ಬೇರೆ. ಒಣಗಿಸಿದರೆ ಆ ವಿಷ ಬಹಳಷ್ಟು ಇಳಿಯುತ್ತದೆ ನಿಜ, ಆದರೆ ಆ ಕಾಂಡ ಒಣಗಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಸೈಲೇಜ್ ಯಾಕೆ ಮಾಡಲಿಲ್ಲ ಅಂತ ಕೇಳುವವರಿದ್ದಾರೆ. ಒಂದು ಸಲ ಚೀಲದಲ್ಲಿ ಮಾಡಿ ನೋಡಿದ್ದರು. ಚೀಲಕ್ಕೆ ಇಲಿ ತೂತು ಹಾಕಿತು, ಗಾಳಿ ಒಳಗೆ ಹೋಯಿತು, ಕೆಟ್ಟಿತು. ಅಲ್ಲಿಗೆ ಬಿಟ್ಟರು.

ಆರಿಸಿಕೊಂಡದ್ದು ಓಟ್ಸ್, ಕೆಂಟ್ ತಳಿ. ಕಾಂಡ ಸಪೂರ, ಎಲೆ ಜಾಸ್ತಿ, ಚಳಿಗಾಲದ ಬೆಳೆ. ದೀಪಾವಳಿ ಹೊತ್ತಿಗೆ ಬಿತ್ತಿದರೆ ಸಂಕ್ರಾಂತಿ ಕಳೆದ ವಾರಕ್ಕೆ ಹೂ ಬರುತ್ತದೆ. ಜನವರಿ ಕೊನೆ ಅಂದರೆ ಈ ಕಡೆ ಆಕಾಶ ತಿಳಿ, ಗಾಳಿ ಒಣ, ಬಿಸಿಲು ಇದ್ದರೂ ಸುಡುವಂಥದ್ದಲ್ಲ. ಹುಲ್ಲು ಬಣ್ಣ ಕಳೆದುಕೊಳ್ಳದೆ ಒಣಗಲು ಇದಕ್ಕಿಂತ ಒಳ್ಳೆ ಹೊತ್ತು ನಮ್ಮಲ್ಲಿಲ್ಲ.

ಅಜ್ಜಿಗೆ ಇದು ಹಿಡಿಸಲಿಲ್ಲ. "ಕುದ್ರೆ ತಿನ್ನೋ ಬೆಳೆ ಹಾಕ್ತೀಯೇನೋ? ಟೊಮೆಟೊ ಹಾಕೋ ಜಾಗ್ದಲ್ಲಿ ಹುಲ್ಲು ಹಾಕಿ ನಗೆಪಾಟ್ಲಾಗ್ಬೇಡ" ಅಂದರಂತೆ. ನೀರಾವರಿ ಜಮೀನಿನಲ್ಲಿ ಹುಲ್ಲು ಹಾಕುವುದು ಆ ತಲೆಮಾರಿನವರಿಗೆ ಮರ್ಯಾದೆಯ ಪ್ರಶ್ನೆಯೂ ಹೌದು. ಅವರ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಟೊಮೆಟೊ ದರ ಬಂದ ವರ್ಷ ಆ ಒಂದು ಎಕರೆ ಐದು ಹಸುವಿಗಿಂತ ಜಾಸ್ತಿ ದುಡಿಯುತ್ತದೆ. ದರ ಬರುವ ವರ್ಷ ಯಾವುದು ಅಂತ ಗೊತ್ತಿದ್ದರೆ ತಾನೇ.

ಮೊದಲ ಕೊಯ್ಲು ಕೆಟ್ಟ ಬಗೆ

2022ರ ನವೆಂಬರಿನಲ್ಲಿ ಅರ್ಧ ಎಕರೆಗೆ 20 ಕೆಜಿ ಬೀಜ ಬಿತ್ತಿದರು. ಹತ್ತು ಹನ್ನೆರಡು ದಿನಕ್ಕೊಮ್ಮೆ ನೀರು. ಜನವರಿ ಕೊನೆಗೆ ಅರ್ಧ ಪೈರು ಹೂಬಿಟ್ಟಾಗ ಕೊಯ್ದರು. ಇಲ್ಲಿಯವರೆಗೆ ಎಲ್ಲ ಸರಿ.

ಕೊಯ್ಯುವ ಹದದ ಬಗ್ಗೆ ಒಂದು ಮಾತು. ಎಳೆಯದಿದ್ದರೆ ಪೌಷ್ಟಿಕ, ಆದರೆ ತೂಕ ಕಡಿಮೆ, ನೀರು ಜಾಸ್ತಿ. ಕಾಳು ಬಲಿಯಲು ಬಿಟ್ಟರೆ ತೂಕ ಬರುತ್ತದೆ, ಆದರೆ ಕಾಂಡ ನಾರಾಗುತ್ತದೆ. ಆಗ ಅದಕ್ಕೂ ರಾಗಿ ಹುಲ್ಲಿಗೂ ವ್ಯತ್ಯಾಸ ಉಳಿಯುವುದಿಲ್ಲ. ಹೂವಿನಿಂದ ಹಾಲುಗಾಳಿನ ನಡುವೆ ಕೊಯ್ಯುವುದು ಸರಿ.

ಕೊಯ್ದು ಎರಡು ದಿನ ಬಿಸಿಲಿಗೆ ಹರಡಿದರು. ಎಲೆ ಮುಟ್ಟಿದರೆ ಚರಚರ ಅನ್ನುತ್ತಿತ್ತು. ಒಣಗಿದೆ ಅಂದುಕೊಂಡು ಕಟ್ಟಿ ಒಳಗೆ ಪೇರಿಸಿದರು. ಮೂರನೇ ದಿನ ಅಕ್ಕ ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ಬೆಲ್ಲ ಕಾಯಿಸಿದ ಹಾಗೆ ಸಿಹಿ ವಾಸನೆ. ಕಟ್ಟಿನೊಳಗೆ ಕೈ ಹಾಕಿದರೆ ಬಿಸಿ.

ಏನಾಯಿತು ಅಂದರೆ, ಎಲೆ ಒಣಗಿತ್ತು, ಗೆಣ್ಣು ಒಣಗಿರಲಿಲ್ಲ. ಕೊಯ್ದ ಓಟ್ಸ್‌ನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಕಟ್ಟುವ ಹೊತ್ತಿಗೆ ಅದು 15ರಿಂದ 18 ಶೇಕಡಕ್ಕೆ ಇಳಿದಿರಬೇಕು. 20 ದಾಟಿದ್ದರೆ ಒಳಗೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಬಿಸಿ ಹುಟ್ಟುತ್ತದೆ. ಬಿಸಿ ಏರುತ್ತಾ ಹೋದರೆ ಹೊರಗಿನ ಕಿಡಿಯೇ ಇಲ್ಲದೆ ರಾಶಿ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಸಣ್ಣ ಕಟ್ಟುಗಳಾದ್ದರಿಂದ ಇವರಿಗೆ ಅಷ್ಟು ದೂರ ಹೋಗಲಿಲ್ಲ. ಎಲ್ಲವನ್ನೂ ಬಿಚ್ಚಿ ಮತ್ತೆ ಹರಡಿದರು. ಬಿಳಿ ಪುಡಿ ಹಿಡಿದಿದ್ದನ್ನು ಗೊಬ್ಬರದ ಗುಂಡಿಗೆ ಹಾಕಿದರು.

ಈಗ ಅವರು ಎಲೆ ಮುಟ್ಟಿ ನೋಡುವುದಿಲ್ಲ. ಕಾಂಡದ ಗೆಣ್ಣನ್ನು ಉಗುರಿನಿಂದ ಕೆರೆಯುತ್ತಾರೆ. ಸಿಪ್ಪೆ ಎದ್ದು ಅಡಿಯಲ್ಲಿ ಒದ್ದೆ ಕಂಡರೆ ಇನ್ನೊಂದು ದಿನ ಬೇಕು. ಒಂದು ಹಿಡಿ ಹುಲ್ಲನ್ನು ತಿರುಚಿದರೆ ಕಾಂಡ ಬಾಗದೆ ಸೀಳಬೇಕು. ಮಗ ಇನ್ನೊಂದು ಪರೀಕ್ಷೆ ಹೇಳಿಕೊಟ್ಟ. ಒಣಗಿದ ಗಾಜಿನ ಬಾಟಲಿಗೆ ಸಣ್ಣಗೆ ಕತ್ತರಿಸಿದ ಹುಲ್ಲು, ಸ್ವಲ್ಪ ಪುಡಿ ಉಪ್ಪು ಹಾಕಿ ಚೆನ್ನಾಗಿ ಕುಲುಕುವುದು. ಉಪ್ಪು ಗಾಜಿಗೆ ಅಂಟಿದರೆ ತೇವ ಇದೆ ಅಂತ ಅರ್ಥ. ಕಾಳಿಗೆ ಮಾಡುವ ಪರೀಕ್ಷೆ, ಹುಲ್ಲಿಗೂ ನಡೆಯುತ್ತದೆ. ಅಕ್ಕ ಮಾತ್ರ ಉಗುರನ್ನೇ ನಂಬುತ್ತಾರೆ.

ಒಣಗಿಸುವ ಕ್ರಮವೂ ಬದಲಾಯಿತು. ಇಬ್ಬನಿ ಆರಿದ ಮೇಲೆ, ಒಂಬತ್ತು ಹತ್ತರ ಹೊತ್ತಿಗೆ ಕೊಯ್ಲು. ತೆಳ್ಳಗೆ ಹರಡುವುದು. ಮಧ್ಯಾಹ್ನ ಒಮ್ಮೆ ತಿರುವುವುದು. ಸಂಜೆ ಇಬ್ಬನಿ ಬೀಳುವ ಮುಂಚೆ ಸಣ್ಣ ಸಣ್ಣ ಗುಪ್ಪೆ ಮಾಡುವುದು, ಆಗ ಮೇಲಿನ ಪದರ ಮಾತ್ರ ನೆನೆಯುತ್ತದೆ. ಬೆಳಿಗ್ಗೆ ಮತ್ತೆ ಹರಡುವುದು. ನಾಲ್ಕು ದಿನದಲ್ಲಿ ಹದಕ್ಕೆ ಬರುತ್ತದೆ. ಬಣ್ಣ ಹಸಿರಾಗಿಯೇ ಇರಬೇಕು. ಹಳದಿಗೆ ತಿರುಗಿದರೆ ಬಿಸಿಲು ಜಾಸ್ತಿಯಾಯಿತು ಅಂತ, ಅದರ ಜೊತೆಗೆ ಎ ಜೀವಸತ್ವವೂ ಹೋಯಿತು.

ಪೆಟ್ಟಿಗೆ

ಹುಲ್ಲನ್ನು ಒತ್ತಿ ಕಟ್ಟುವ ಟ್ರ್ಯಾಕ್ಟರ್ ಬೇಲರ್ ಬಾಡಿಗೆಗೆ ಸಿಗುತ್ತದೆ. ರಾಗಿ ಹುಲ್ಲಿಗೆ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಕರೆಸುವುದೂ ಉಂಟು. ಆದರೆ ಒಂದು ಎಕರೆ ಓಟ್ಸ್‌ಗೆ ಯಾರೂ ಬರಲಿಲ್ಲ. ಬಂದರೂ ತೆಂಗಿನ ಸಾಲಿನ ಪಕ್ಕ ಅದು ತಿರುಗಲು ಜಾಗವಿಲ್ಲ. ಮೇಲಾಗಿ ಓಟ್ಸ್ ಒಣಗುವುದು ಅದರ ಲೆಕ್ಕದಲ್ಲಿ, ಯಂತ್ರ ಬರುವುದು ಯಂತ್ರದವನ ಲೆಕ್ಕದಲ್ಲಿ. ಹದಕ್ಕೆ ಬಂದ ಹುಲ್ಲು ಎರಡು ದಿನ ಜಾಸ್ತಿ ಬಿದ್ದರೆ ಎಲೆ ಉದುರುತ್ತದೆ.

ಹಾಗಾಗಿ ಮರದ ಪೆಟ್ಟಿಗೆ. ಕೆನ್ಯಾದ ಸಣ್ಣ ಹೈನುಗಾರರು ವರ್ಷಗಳಿಂದ ಬಳಸುವ ಅಳತೆ ಇದು: ಉದ್ದ 85, ಅಗಲ 55, ಎತ್ತರ 45 ಸೆಂಟಿಮೀಟರ್. ಮಗ ಫೋನಿನಲ್ಲಿ ಅಳತೆ ಕಳಿಸಿದ, ಊರಿನ ಬಡಗಿ ಹಳೇ ಬಾಗಿಲಿನ ಹಲಗೆಯಲ್ಲಿ ಮಾಡಿಕೊಟ್ಟರು. ಮೇಲೆ ಮುಚ್ಚಳವಿಲ್ಲ. ಒಂದು ಬದಿ ಬಾಗಿಲಿನ ಹಾಗೆ ತೆರೆಯುತ್ತದೆ. ಮೊದಲು ಎರಡು ಹಗ್ಗವನ್ನು ಅಡ್ಡಲಾಗಿ ಹಾಸಿ ತುದಿಗಳನ್ನು ಹೊರಗೆ ಇಳಿಬಿಡಬೇಕು. ಹುಲ್ಲು ತುಂಬಿ ಕಾಲಲ್ಲಿ ತುಳಿಯಬೇಕು. ಮತ್ತೆ ತುಂಬಿ ಮತ್ತೆ ತುಳಿಯಬೇಕು. ಬಾಯಿಮಟ್ಟ ಬಂದಮೇಲೆ ಹಗ್ಗ ಬಿಗಿದು, ಬಾಗಿಲು ತೆರೆದು, ಕಟ್ಟನ್ನು ಎಳೆದುಕೊಳ್ಳುವುದು. ಒಂದು ಕಟ್ಟು 18ರಿಂದ 20 ಕೆಜಿ. ಅಕ್ಕ ಒಬ್ಬರೇ ಎತ್ತಬಲ್ಲ ತೂಕ. ಇದು ಸಣ್ಣ ವಿಷಯ ಅಲ್ಲ, ಯಾಕೆಂದರೆ ದಿನಾ ಮೇವು ಹಾಕುವವರು ಅವರೇ. ಹೊರಗಿಂದ ಬರುವ ರೋಲ್ ಬಿಚ್ಚಿದರೆ ಹುಲ್ಲು ಹರಡಿಕೊಂಡು ಅರ್ಧ ಕಾಲಡಿಗೆ ಹೋಗುತ್ತಿತ್ತು. ಈ ಕಟ್ಟಿನಿಂದ ಬೇಕಾದಷ್ಟನ್ನೇ ಪದರ ಪದರವಾಗಿ ತೆಗೆಯಬಹುದು.

ಹಗ್ಗ ತೆಂಗಿನ ನಾರಿನದು. ತಿಪಟೂರು ಸೀಮೆಯಲ್ಲಿ ಅದಕ್ಕೇನು ಬರ. ಬಿಚ್ಚಿ ಮೊಳೆಗೆ ನೇತುಹಾಕಿ ಮುಂದಿನ ವರ್ಷ ಮತ್ತೆ ಬಳಸುತ್ತಾರೆ. ಪ್ಲಾಸ್ಟಿಕ್ ದಾರ ಬೇಡವೇ ಬೇಡ ಅಂತ ಪಶುವೈದ್ಯರು ಹೇಳಿದ್ದರು. ಅದರ ತುಂಡು ಹಸುವಿನ ಹೊಟ್ಟೆಗೆ ಹೋದರೆ ಕರಗುವುದಿಲ್ಲ, ಹೊರಗೂ ಬರುವುದಿಲ್ಲ.

ಪೇರಿಸುವ ಜಾಗ ಕೊಟ್ಟಿಗೆ ಪಕ್ಕದ ಶೀಟಿನ ಕೋಣೆ. ನೆಲಕ್ಕೆ ಕಲ್ಲಿಟ್ಟು ಮೇಲೆ ತೆಂಗಿನ ದಬ್ಬೆ. ಗೋಡೆಗೂ ಕಟ್ಟಿಗೂ ನಡುವೆ ಒಂದು ಅಡಿ ಸಂದು. ಶೀಟಿಗೆ ತಾಗದಂತೆ ಮೇಲೆಯೂ ಸಂದು, ಇಲ್ಲದಿದ್ದರೆ ರಾತ್ರಿ ಶೀಟು ಬೆವರಿ ಮೇಲಿನ ಕಟ್ಟು ನೆನೆಯುತ್ತದೆ. ಮೊದಲ ಎರಡು ವಾರ ಅಣ್ಣ ಕಬ್ಬಿಣದ ಹಾರೆಯನ್ನು ರಾಶಿಯ ನಡುವೆ ಚುಚ್ಚಿಟ್ಟು, ಕಾಲು ಗಂಟೆ ಬಿಟ್ಟು ಎಳೆದು ಮುಟ್ಟಿ ನೋಡುತ್ತಾರೆ. ಹಿಡಿಯಲಾಗದಷ್ಟು ಬಿಸಿ ಇದ್ದರೆ ರಾಶಿ ಬಿಚ್ಚಬೇಕು. ಮೊದಲ ವರ್ಷದ ನಂತರ ಆ ಪ್ರಸಂಗ ಬಂದಿಲ್ಲ.

ಬರ ಬಂದಾಗ, ಮಳೆ ಬಂದಾಗ

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಇವರ ರಾಗಿ ಮೊಣಕಾಲುದ್ದಕ್ಕೇ ನಿಂತಿತು, ಹುಲ್ಲು ಒಂದು ಗಾಡಿಯೂ ಆಗಲಿಲ್ಲ. ಆ ವರ್ಷ ಒಂದು ಎಕರೆ ಪೂರ್ತಿ ಓಟ್ಸ್ ಅಂತ ಯೋಚನೆ ಇತ್ತು. ಬೋರ್‌ವೆಲ್ ಅರ್ಧಕ್ಕೆ ಇಳಿಯಿತು. ಅರ್ಧ ಎಕರೆ ಮೇಲೆ ಸ್ವಲ್ಪಕ್ಕೆ ನೀರು ಸಾಕಾಯಿತು. ಸಿಕ್ಕಿದ್ದು 60 ಕಟ್ಟು, ಅಂದರೆ ಟನ್‌ಗಿಂತ ಸ್ವಲ್ಪ ಜಾಸ್ತಿ. ಬೇಸಿಗೆಗೆ ಕೊಳ್ಳಬೇಕಾದ ಹುಲ್ಲಿನಲ್ಲಿ ಸುಮಾರು ಕಾಲು ಭಾಗ ಉಳಿಯಿತು ಅಷ್ಟೇ. ಆ ಬೇಸಿಗೆ ಭತ್ತದ ಹುಲ್ಲಿನ ರೋಲಿಗೆ ಅವರು 250 ರೂಪಾಯಿ ಕೊಟ್ಟಿದ್ದಾರೆ. ಸ್ವಂತ ಮೇವು ಇದ್ದರೆ ಬರ ಗೆದ್ದೆವು ಅಂತ ಹೇಳುವವರ ಮಾತನ್ನು ಅದಕ್ಕೇ ನಾನು ಪೂರ್ತಿ ಒಪ್ಪುವುದಿಲ್ಲ. ನೀರಾವರಿ ಮೇವಿಗೂ ಬರ ತಟ್ಟುತ್ತದೆ, ಸ್ವಲ್ಪ ತಡವಾಗಿ.

ಆ ವರ್ಷ ಇನ್ನೊಂದು ಎಚ್ಚರ ಬೇಕಿತ್ತು. ನೀರು ಸಾಲದೆ ಬಾಡಿದ ಓಟ್ಸ್‌ಗೆ ಮೇಲುಗೊಬ್ಬರವಾಗಿ ಯೂರಿಯಾ ಜಾಸ್ತಿ ಬಿದ್ದಿದ್ದರೆ ಕಾಂಡದಲ್ಲಿ ನೈಟ್ರೇಟ್ ಸೇರಿಕೊಳ್ಳುತ್ತದೆ. ಸಯನೈಡ್ ಹಾಗೆ ಇದು ಒಣಗಿಸಿದರೆ ಹೋಗುವುದಿಲ್ಲ, ಹುಲ್ಲಿನಲ್ಲೇ ಉಳಿದು ಹಸುವಿಗೆ ವಿಷವಾಗುತ್ತದೆ. ಇವರು ಎರಡನೇ ಕಂತಿನ ಯೂರಿಯಾ ಹಾಕಲೇ ಇಲ್ಲ. ದುಡ್ಡಿಲ್ಲದೆ ಬಿಟ್ಟಿದ್ದು, ಒಳ್ಳೆಯದೇ ಆಯಿತು.

2024ರಲ್ಲಿ ಇದಕ್ಕೆ ಉಲ್ಟಾ. ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿತು. ಅದರ ಉಳಿಕೆ ಡಿಸೆಂಬರಿನ ಮೊದಲ ದಿನಗಳಲ್ಲಿ ನಮ್ಮ ಕಡೆಗೂ ಮಳೆ ತಂದಿತು. ಕೊಯ್ದು ಹೊಲದಲ್ಲೇ ಬಿಟ್ಟಿದ್ದ ರಾಗಿ ಮತ್ತೆ ನೆನೆಯಿತು. ಓಟ್ಸ್ ಆಗ ತಿಂಗಳ ಪೈರು. ಅದೇ ಮಳೆ ಅದಕ್ಕೆ ಒಂದು ನೀರು ಉಳಿಸಿತು. ಎರಡು ಹೊಲಕ್ಕೂ ನಡುವೆ ಒಂದು ಬದು ಅಷ್ಟೇ ಇರುವುದು. ಜನವರಿ ಕೊನೆಗೆ ಒಂದು ಎಕರೆಯಿಂದ 104 ಕಟ್ಟು ಬಂತು, ಹತ್ತಿರ ಹತ್ತಿರ ಎರಡು ಟನ್.

ದುಡ್ಡಿನ ಲೆಕ್ಕ

ಆ ಎಕರೆಯ ಖರ್ಚನ್ನು ಅಕ್ಕ ಹಾಲಿನ ಪುಸ್ತಕದ ಹಿಂದೆ ಬರೆದಿಟ್ಟಿದ್ದಾರೆ. ಉಳುಮೆ 3,000. ಬೀಜ 40 ಕೆಜಿ, 2,800. ಗೊಬ್ಬರ 2,000, ಕೊಟ್ಟಿಗೆ ಗೊಬ್ಬರ ಮನೆಯದೇ. ಕೊಯ್ಲಿಗೆ ಬ್ರಷ್‌ ಕಟರ್ ಬಾಡಿಗೆ, ಆಳು ಸೇರಿ 3,500. ಹಗ್ಗ 700. ಒಟ್ಟು 12,000 ರೂಪಾಯಿ. ಎರಡು ಟನ್‌ಗೆ ಭಾಗಿಸಿದರೆ ಕೆಜಿಗೆ 6. ಇಷ್ಟಕ್ಕೇ ನಿಲ್ಲಿಸಿ ಖುಷಿಪಡುವವರೇ ಜಾಸ್ತಿ. ತಿರುವಿದ್ದು, ತುಳಿದದ್ದು, ಪೇರಿಸಿದ್ದು ಮನೆಯವರ ಮೈ. ಅದಕ್ಕೂ ಊರಿನ ಕೂಲಿ ಹಾಕಿದರೆ ಇನ್ನೊಂದು 6,000 ಸೇರುತ್ತದೆ. ಆಗ ಕೆಜಿಗೆ 9. ಕರೆಂಟಿಗೆ ಖರ್ಚಿಲ್ಲ, 10 ಎಚ್‌ಪಿವರೆಗಿನ ಪಂಪಿಗೆ ಸರ್ಕಾರ ಬಿಟ್ಟಿ ಕೊಡುತ್ತದೆ. ಅಂತರ್ಜಲಕ್ಕೆ ಯಾರೂ ದರ ಕಟ್ಟಿಲ್ಲ, ಅದು ಬೇರೆ ಮಾತು.

ಮಾಮೂಲಿ ವರ್ಷದಲ್ಲಿ ಭತ್ತದ ಹುಲ್ಲು ಇವರ ಮನೆ ಬಾಗಿಲಿಗೆ ಕೆಜಿಗೆ ಆರೇಳು ರೂಪಾಯಿಗೆ ಬೀಳುತ್ತದೆ. ಅಂದರೆ ಸ್ವಂತ ಓಟ್ಸ್ ಅದಕ್ಕಿಂತ ದುಬಾರಿ. ಬರದ ವರ್ಷ ರೋಲಿನ ತೂಕ ಹಿಡಿದು ನೋಡಿದರೆ ಕೆಜಿಗೆ 14ರ ಹತ್ತಿರ ಬಿದ್ದಿತ್ತು, ಆಗ ಅಗ್ಗ.

ಆದರೆ ಇವೆರಡೂ ಒಂದೇ ಸರಕಲ್ಲ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಶೇಕಡ 3ರಿಂದ 4. ಹೂವಿನ ಹದದಲ್ಲಿ ಕೊಯ್ದು ಹಸಿರಾಗಿ ಒಣಗಿಸಿದ ಓಟ್ಸ್‌ನಲ್ಲಿ 8ರ ಆಸುಪಾಸು. ಒಂದು ಹಸುವಿಗೆ ದಿನಕ್ಕೆ ನಾಲ್ಕು ಕೆಜಿ ಕೊಟ್ಟರೆ ಹುಲ್ಲಿನಿಂದ 140 ಗ್ರಾಂ, ಓಟ್ಸ್‌ನಿಂದ 320 ಗ್ರಾಂ. ವ್ಯತ್ಯಾಸ 180 ಗ್ರಾಂ. ಶೇಕಡ 20 ಪ್ರೋಟೀನಿನ ಒಂದು ಕೆಜಿ ಫೀಡಿನಲ್ಲಿ (ಚೀಲದಲ್ಲಿ ಕೊಳ್ಳುವ ಪಶು ಆಹಾರ) ಇರುವುದು 200 ಗ್ರಾಂ. ಜೀರ್ಣವಾಗುವ ಪ್ರಮಾಣ ಹೆಚ್ಚುಕಮ್ಮಿ ಇರುತ್ತದೆ, ಆದರೂ ಅಂದಾಜಿಗೆ ಸಾಕು. ಅಕ್ಕ ಕರೆಯುವ ಹಸುಗಳಿಗೆ ಮುಕ್ಕಾಲು ಕೆಜಿ ಫೀಡ್ ಇಳಿಸಿ ನೋಡಿದರು. ಹಾಲು ಏರಲಿಲ್ಲ, ಇಳಿಯಲೂ ಇಲ್ಲ. ಡೇರಿಯಲ್ಲಿ ಫ್ಯಾಟು ಮೊದಲಿನಷ್ಟೇ ಬಂತು. ಓಟ್ಸ್ ತನ್ನ ದುಡ್ಡು ಹುಟ್ಟಿಸುವುದು ಇಲ್ಲಿ, ಫೀಡ್ ಚೀಲದಲ್ಲಿ. ಹಾಗಾಗಿ ಹಾಲು ಬತ್ತಿದ ಹಸುವಿಗೂ ಕಡಸಿಗೂ ಅದನ್ನು ಹಾಕುವುದು ದಂಡ. ಅವಕ್ಕೆ ರಾಗಿ ಹುಲ್ಲು ಸಾಕು. ಕರೆಯುವ ಹಸುಗಳಿಗೆ ಮಾತ್ರ ಮಾರ್ಚಿನಿಂದ ಅಳೆದು ಕೊಟ್ಟರೆ ಎರಡು ಟನ್ ಮಳೆಗಾಲದ ಹಸಿರಿನವರೆಗೆ ಎಳೆಯುತ್ತದೆ.

2025ರ ಫೆಬ್ರವರಿಯಲ್ಲಿ ಓಟ್ಸ್ ತೆಗೆದ ಜಾಗದ ಒಂದು ಮೂಲೆಗೆ ಅಲಸಂದೆ ಹಾಕಿದರು. ಒಣಗಿಸಿದ ಅಲಸಂದೆಯಲ್ಲಿ ಪ್ರೋಟೀನ್ ಓಟ್ಸ್‌ನ ಹೆಚ್ಚುಕಮ್ಮಿ ಎರಡರಷ್ಟು. ಕೇಳಲು ಚೆನ್ನಾಗಿದೆ. ಏಪ್ರಿಲ್ ಬಿಸಿಲಿಗೆ ಎಲೆ ಒಂದೇ ದಿನಕ್ಕೆ ಒಣಗಿತು, ಬಳ್ಳಿ ಒಣಗಲಿಲ್ಲ. ತಿರುವಲು ಹೋದಾಗ ಎಲೆಯೆಲ್ಲ ನೆಲಕ್ಕೆ. ಕೈಗೆ ಸಿಕ್ಕಿದ್ದು ಕಡ್ಡಿ. ಪೌಷ್ಟಿಕಾಂಶ ಇರುವುದು ಎಲೆಯಲ್ಲೇ ಅಲ್ವಾ? ಉಳಿದದ್ದನ್ನು ತೆಂಗಿನ ನೆರಳಿಗೆ ಸಾಗಿಸಿ, ಬೆಳಗಿನ ತಂಪಿನಲ್ಲಿ ಎಲೆ ಮೆದುವಾಗಿದ್ದಾಗ ಮಾತ್ರ ತಿರುವಿದರು. ಅದು ಉಳಿಯಿತು. ಕಟ್ಟದೆ ಸಡಿಲವಾಗಿಯೇ ಮಂಕರಿಯಲ್ಲಿ ತುಂಬಿಟ್ಟುಕೊಂಡು ಕೈಯಳತೆಯಲ್ಲಿ ಕೊಟ್ಟರು.

ಬೋರ್‌ವೆಲ್ ಇಲ್ಲದವರು ಇದನ್ನು ನೋಡಿ ಓಟ್ಸ್‌ಗೆ ಹೊರಡಬಾರದು. ಚಳಿಗಾಲದಲ್ಲಿ ಐದಾರು ನೀರು ಕೊಡಲಾಗದಿದ್ದರೆ ಅದು ಗೇಣುದ್ದಕ್ಕೇ ಹೂಬಿಡುತ್ತದೆ. ಅಂಥವರಿಗೆ ಇರುವ ರಾಗಿ ಹುಲ್ಲನ್ನೇ ಮಳೆಯಿಂದ ಉಳಿಸಿಕೊಳ್ಳುವುದು ಲಾಭ: ಒಂದು ಟಾರ್ಪಾಲು, ನೆಲದಿಂದ ಎತ್ತರಿಸಿದ ಬಣವೆ. ಭತ್ತದ ಹುಲ್ಲು ಕೊಳ್ಳುವವರಾದರೆ ಯೂರಿಯಾ ಉಪಚಾರ ಕಲಿಯಬಹುದು. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ, ಸುಮಾರು 50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ ಸಮನಾಗಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡಬೇಕು. ತೆಗೆದ ಮೇಲೆ ವಾಸನೆ ಹೋಗುವವರೆಗೆ ಆರಿಸಿಯೇ ಹಾಕಬೇಕು. ಎಳೆ ಕರುಗಳಿಗೆ ಇದು ಬೇಡ.

ಪೆಟ್ಟಿಗೆ ಈಗ ಊರಿನ ಇನ್ನೆರಡು ಮನೆಗೆ ಎರವಲು ಹೋಗುತ್ತದೆ. ಒಬ್ಬರು ಅದರಲ್ಲಿ ರಾಗಿ ಹುಲ್ಲನ್ನೇ ಕಟ್ಟಿದರು, ಜಾಗ ಉಳಿಯಿತು ಅನ್ನುತ್ತಾರೆ. ಈ ಮನೆಯವರು ಮಾತ್ರ ಓಟ್ಸ್ ಅನ್ನು ಒಂದು ಎಕರೆಗಿಂತ ಜಾಸ್ತಿ ಮಾಡುವ ಯೋಚನೆಯಲ್ಲಿಲ್ಲ. ನಾಲ್ಕೇ ದಿನದ ಬಿಸಿಲಿನ ಕೆಲಸಕ್ಕೆ ಮನೆಯಲ್ಲಿರುವುದು ಎರಡೇ ಜೊತೆ ಕೈ. ಅಜ್ಜಿಯ ಕೈ ಲೆಕ್ಕಕ್ಕೆ ಸೇರಿಸಬೇಡ ಅಂತ ಅಜ್ಜಿಯೇ ಹೇಳಿದ್ದಾರೆ. ಅವರ ಗಮನ ಈಗಲೂ ಟೊಮೆಟೊ ದರದ ಮೇಲೆ.